ದೇವರ ಆಳ್ವಿಕೆಯೋ, ನಾಲ್ಕು ಜನರ ಮಾತೋ?



ದೇವರ ರಾಜ್ಯ ಬರಲೆಂದು ನಾವು ದಿನವೂ ಪ್ರಾರ್ಥಿಸುತ್ತೇವೆ. ಅದು ನಮ್ಮ ಹೊಸ್ತಿಲಿಗೇ ಬಂದು ನಿಂತರೆ ಬಾಗಿಲು ತೆರೆಯುವೆವೇ?

ಆಸ್ಟ್ರಿಯ ದೇಶದ ಸಾಂಕ್ಟ್ ರಾಡೆಗುಂಡ್ ಎಂಬ ಹಳ್ಳಿಯಲ್ಲಿ ಫ್ರಾನ್ಸ್ ಯೇಗರ್‌ಸ್ಟೆಟರ್ ಎಂಬ ರೈತರಿದ್ದರು. ಯೌವನದಲ್ಲಿ ಮನಬಂದಂತೆ ಬಾಳಿದವರು. ತರುವಾಯ ಅಲ್ಲಿನ ದೇವಾಲಯದ ಸೇವಕರಾದರು. ತಮ್ಮ ದೇಶವು ಹಿಟ್ಲರನ ಜರ್ಮನಿಯೊಡನೆ ಸೇರಿದುದಕ್ಕೆ 1938ರಲ್ಲಿ ಜನಮತ ಕೇಳಿದಾಗ, ಊರಿನಲ್ಲಿ ಒಲ್ಲೆನೆಂದವರು ಇವರೊಬ್ಬರೇ. 1943ರಲ್ಲಿ ಹಿಟ್ಲರನ ಪರವಾಗಿ ಶಸ್ತ್ರ ಹಿಡಿಯಲು ನಿರಾಕರಿಸಿದರು. ಹೆಂಡತಿಯನ್ನೂ ಮೂವರು ಹೆಣ್ಣುಮಕ್ಕಳನ್ನೂ ನೆನೆಯಬೇಕೆಂದು ಊರವರು ಬುದ್ಧಿ ಹೇಳಿದ್ದರು. ಗುರುಗಳೂ, ಬಿಷಪರೂ ಅದನ್ನೇ ಹೇಳಿದ್ದರು. ಗುರುವರ್ಗದವರಾದ ನಾವು ಇಲ್ಲಿ ತಲೆ ತಗ್ಗಿಸಬೇಕು. ಅದೇ ವರ್ಷದ ಆಗಸ್ಟ್ 9ರಂದು ಅವರ ಶಿರಚ್ಛೇದವಾಯಿತು.

ನಮ್ಮ ತಲೆಯನ್ನು ಇಂದು ಯಾರೂ ಕೇಳುತ್ತಿಲ್ಲ. ಆದರೂ ನಾಲ್ಕು ಜನ ಏನೆಂದಾರೋ ಎಂಬ ಅಂಜಿಕೆಯಿಂದ ಸಾಲ ಮಾಡಿ ಮದುವೆಯ ಚಪ್ಪರ ಹಾಕುತ್ತೇವೆ. ಬೀಗರ ಮುಂದೆ ವರದಕ್ಷಿಣೆಯನ್ನು ಎಣಿಸಿ, ಅದೇ ಕೈಯಿಂದ ಶಿಲುಬೆಯ ಗುರುತು ಹಾಕಿಕೊಳ್ಳುತ್ತೇವೆ.

ಆ ಹಳ್ಳಿಯವರು ಫ್ರಾನ್ಸರ ಪತ್ನಿಯನ್ನು ಬಹುಕಾಲ ದೂರಿದರು. 2007ರ ಅಕ್ಟೋಬರ್ 26ರಂದು ಲಿಂಜ್ ನಗರದ ಪ್ರಧಾನಾಲಯದಲ್ಲಿ ಧರ್ಮಸಭೆಯು ಫ್ರಾನ್ಸರನ್ನು ಪುನೀತರೆಂದು ಸಾರಿದಾಗ, 94 ವರುಷದ ಆ ತಾಯಿ ಅಲ್ಲಿಯೇ ಇದ್ದರು.