ಶ್ರುತಿಪೆಟ್ಟಿಗೆ: ಹಳೆಯದು, ಹೊಸದು

ಭಟ್ಕಳ, ಹೊನ್ನಾವರ, ಕುಮಟೆಗಳ ಬಯಲಾಟಗಳಲ್ಲಿ ಚಂಡೆಯ ಪೆಟ್ಟು ಊರಿಗೆಲ್ಲ ಕೇಳಿಸುತ್ತದೆ. ಶ್ರುತಿ ಮಾತ್ರ ಯಾರ ಗಮನಕ್ಕೂ ಬಾರದು. ನಾನು ಆಡಹೊರಟಿರುವುದು ಆ ಶ್ರುತಿಯನ್ನು ಕುರಿತು.

ಹಿಂದೆ ಸೋರೆಬುರುಡೆಯ ಪುಂಗಿಯನ್ನು ಊದುತ್ತಿದ್ದರು. ಬಳಿಕ ತಿದಿಯ ಹಾರ್ಮೋನಿಯಂ ಬಂದಿತು. ಆಕಾಶವಾಣಿಯೇ 1940ರಿಂದ 1971ರವರೆಗೆ ದೂರವಿಟ್ಟಿದ್ದ ವಾದ್ಯವದು. ಮೇಳದವರು ಆ ಮಡಿಯನ್ನು ಲೆಕ್ಕಿಸಲಿಲ್ಲ. 1970ರ ದಶಕದ ಕೊನೆಗೆ ಬೆಂಗಳೂರಿನ ಜಿ. ರಾಜನಾರಾಯಣ ಅವರು ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಕ್ರಮೇಣ ಅಂಥ ಪೆಟ್ಟಿಗೆ ಆಟದ ರಂಗಕ್ಕೂ ಏರಿತು.

ಹೊಸದರ ಗುಣ ಸಣ್ಣದಲ್ಲ. ತಿರುಪು ತಿರುಗಿಸಿದರೆ ಭಾಗವತರ ಕಂಠಕ್ಕೊಪ್ಪುವ ಸ್ವರ ಕೂಡಲೇ ಸಿಗುತ್ತದೆ, ಬೆಳಗಿನವರೆಗೂ ದಣಿವಿಲ್ಲ. ಇಬ್ಬನಿಗೆ ಮದ್ದಳೆಯ ಚರ್ಮ ಸಡಿಲಾದರೂ ಪೆಟ್ಟಿಗೆ ಬಗ್ಗದು. ಮದ್ದಳೆಗಾರರೇ ಮತ್ತೆ ಮತ್ತೆ ಬಿಗಿಯಬೇಕು. ಈ ವಿಷಯದಲ್ಲಿ ಹಾರ್ಮೋನಿಯಮ್ಮೂ ಮೆದುವೇನಲ್ಲವೆನ್ನಿ.

ನನ್ನ ತಕರಾರು ನಾದದ್ದಲ್ಲ. ತಿದಿಯೊತ್ತಲು ಒಬ್ಬ ಹುಡುಗ ಬೇಕಾಗಿತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಸೀಮೆಯಲ್ಲಿ, ಗುಣವಂತೆಯ ಬಳಿ, ಒಂದು ಗದ್ದೆಯಾಟದಲ್ಲಿ ಆ ಹುಡುಗ ನಾನಾಗಿದ್ದೆ. ಭಾಗವತರ ಮಗ್ಗುಲಲ್ಲಿ ಕುಳಿತು, ಪದವನ್ನು ಯಾವಾಗ ಎತ್ತಿಕೊಳ್ಳುತ್ತಾರೆ, ವೇಷಧಾರಿಗೆ ಎಲ್ಲಿ ಬಿಡುವು ಕೊಡುತ್ತಾರೆ ಎಂಬುದನ್ನು ಯಾರೂ ಕಲಿಸದೆ ಕಲಿತೆ. ತೂಕಡಿಸಿ ತಿದಿ ನಿಂತರೆ ಅವರ ಮೊಣಕಾಲು ನನಗೆ ತಾಗುತ್ತಿತ್ತು.

ಈಗ ಆ ಎಡೆಯಲ್ಲಿ ಪೆಟ್ಟಿಗೆಯಿದೆ. ಕುಮಟೆಯ ಕಡೆಯ ಆಟವೊಂದರಲ್ಲಿ ಬಾಲಕನೊಬ್ಬ ರಂಗದ ಅಂಚಿಗೆ ಬಂದು ಬಹಳ ಹೊತ್ತು ನಿಂತಿದ್ದ. ಕುಳ್ಳಿರೆಂದು ಅವನಿಗೆ ಯಾರೂ ಹೇಳಲಿಲ್ಲ.