ಲಾಗ ಹಾಕುವ ಮಕ್ಕಳು, ಬಾಗಿಲಲ್ಲಿ ಕಾಯುವ ತಂದೆತಾಯಿ

ಸಂಜೆಯ ಹೊತ್ತು ಊರಿನ ಕ್ರೀಡಾಂಗಣದ ಕಡೆ ಹೋದವರಿಗೆ ಈ ನೋಟ ಹೊಸದಲ್ಲ. ಒಳಗೆ ದಪ್ಪ ಹಾಸುಗಳ ಮೇಲೆ ಹತ್ತಿಪ್ಪತ್ತು ಮಕ್ಕಳು ಉರುಳುತ್ತಿರುತ್ತಾರೆ; ಕೆಲವರು ಅಡ್ಡಸರಳಿಗೆ ಜೋತುಬಿದ್ದಿದ್ದರೆ ಇನ್ನು ಕೆಲವರು ಗೋಡೆಗೆ ಕಾಲು ತಾಗಿಸಿ ಕೈಗಳ ಮೇಲೆ ನಿಂತಿರುತ್ತಾರೆ. ಹೊರಗೆ, ಬಾಗಿಲ ಬಳಿ, ಶಾಲೆಯ ಚೀಲವನ್ನೂ ನೀರಿನ ಸೀಸೆಯನ್ನೂ ಹಿಡಿದುಕೊಂಡು ಅವರ ತಂದೆತಾಯಿಗಳು ಕಾದಿರುತ್ತಾರೆ. ಒಳಗಿನವರಿಗೆ ಏನು ಕಲಿಸಬೇಕೆಂಬುದು ಮೇಷ್ಟರಿಗೆ ಗೊತ್ತು. ಹೊರಗೆ ಕಾದಿರುವವರು ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ. ಅವರೊಡನೆ, ಎಂದರೆ ನಿಮ್ಮೊಡನೆ, ಆ ವಿಷಯವಾಗಿ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ಅಂಗಸಾಧನೆ ನಮ್ಮ ನಾಡಿಗೆ ಹೊರಗಿನಿಂದ ಬಂದುದೇನೂ ಅಲ್ಲ. ಗರಡಿಮನೆಯ ಮಣ್ಣನ್ನೂ ಮಲ್ಲಕಂಬವನ್ನೂ ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಇಂದು ನಾವು ಜಿಮ್ನ್ಯಾಸ್ಟಿಕ್ಸ್ ಎನ್ನುವುದರ ಹುಟ್ಟು ಬೇರೆ. 1811ರಲ್ಲಿ ಬರ್ಲಿನ್ ನಗರದ ಹೊರಗೆ ಫ್ರೀಡ್ರಿಷ್ ಯಾನ್ ಎಂಬ ಉಪಾಧ್ಯಾಯನು ಯುವಕರಿಗಾಗಿ ಬಯಲಿನಲ್ಲಿ ಒಂದು ವ್ಯಾಯಾಮಭೂಮಿಯನ್ನು ತೆರೆದ. ಇಂದಿನ ಜೋಡಿಸರಳು, ಅಡ್ಡಸರಳುಗಳಿಗೆ ಆ ಪರಂಪರೆಯೇ ಮೂಲ. ಗರಡಿಯಲ್ಲಿ ಹುಡುಗನನ್ನು ವಸ್ತಾದರಿಗೆ ಒಪ್ಪಿಸಿದ ತಂದೆ ತನ್ನ ಕೆಲಸಕ್ಕೆ ಹೋಗುತ್ತಿದ್ದ. ಇಂದಿನ ತಂದೆ ಬಾಗಿಲಲ್ಲೇ ನಿಂತಿರುತ್ತಾನೆ, ಕೈಯಲ್ಲಿ ಚಿತ್ರ ತೆಗೆಯುವ ಫೋನು ಬೇರೆ. ಅಕ್ಕರೆ ಹೆಚ್ಚಾಗಿದೆ, ಸಂತೋಷ. ಅದರ ಜೊತೆಗೆ ಆತುರವೂ ಹೆಚ್ಚಾಗಿದೆ.

“ಪಕ್ಕದ ಮನೆಯ ಹುಡುಗಿ ಆರು ತಿಂಗಳಲ್ಲಿ ಲಾಗ ಹಾಕಿದಳು, ನಮ್ಮವಳು ಇನ್ನೂ ಉರುಳುತ್ತಲೇ ಇದ್ದಾಳೆ” ಎನ್ನುವವರಿದ್ದಾರೆ. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ರುಮೇನಿಯದ ನಾದಿಯಾ ಕೊಮಾನೆಚಿ ಹತ್ತಕ್ಕೆ ಹತ್ತು ಅಂಕ ಪಡೆದಾಗ ಆಕೆಗೆ 14 ವರ್ಷ. ಅಂಥ ಅಂಕವನ್ನು ತೋರಿಸುವ ಏರ್ಪಾಡೇ ಇಲ್ಲದ ಫಲಕ 1.00 ಎಂದು ತೋರಿಸಿತಂತೆ! ಆ ಚಿತ್ರ ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿ ನಿಂತಿತೆಂದರೆ, ಹತ್ತರೊಳಗೆ ಕಲಿಯದಿದ್ದರೆ ಎಲ್ಲವೂ ಮುಗಿಯಿತೆಂಬ ಭಾವನೆ ಇಂದಿಗೂ ಹೋಗಿಲ್ಲ. ಆದರೆ ಈಗಿನ ನಿಯಮದಂತೆ, ಆ ವರ್ಷದೊಳಗೆ 16 ತುಂಬದ ಹುಡುಗಿ ಒಲಿಂಪಿಕ್ಸಿಗೆ ಹೋಗುವಂತೆಯೇ ಇಲ್ಲ. ನಮ್ಮ ಅಗರ್ತಲದ ದೀಪಾ ಕರ್ಮಾಕರ್ ಅವರನ್ನು ನೋಡಿ. ಆರನೆಯ ವಯಸ್ಸಿನಲ್ಲಿ ಅಭ್ಯಾಸಕ್ಕೆ ಸೇರಿದಾಗ ಅವರದು ಚಪ್ಪಟೆ ಪಾದ. ನೆಗೆದು ಇಳಿಯುವವರಿಗೆ ಅದು ದೊಡ್ಡ ಅಡ್ಡಿ. ಆ ಪಾದವನ್ನು ಪಳಗಿಸುವುದಕ್ಕೇ ಬಹುಕಾಲ ಹಿಡಿಯಿತು. 2016ರಲ್ಲಿ ರಿಯೋ ಒಲಿಂಪಿಕ್ಸಿನ ವಾಲ್ಟ್ ಸ್ಪರ್ಧೆಯಲ್ಲಿ ಅವರು ನಾಲ್ಕನೆಯವರಾದರು. ಕಂಚಿನ ಪದಕ ತಪ್ಪಿದ್ದು 0.15 ಅಂಕದಲ್ಲಿ. ಆಗ ಅವರಿಗೆ 23. ನಡುವಿನ ಹದಿನೇಳು ವರ್ಷಗಳಲ್ಲಿ, ನೆರೆಯವರಿಗೆ ತೋರಿಸಲು ಏನೂ ಇಲ್ಲದ ಸಂಜೆಗಳು ಎಷ್ಟು ಕಳೆದಿರಬೇಕು!

ನಿಮ್ಮ ಮಗು ಒಲಿಂಪಿಕ್ಸಿಗೆ ಹೋಗಬೇಕಾಗಿಯೂ ಇಲ್ಲ. ಐದರಿಂದ ಹದಿನೇಳರವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂದೂ, ವಾರದಲ್ಲಿ ಮೂರು ದಿನವಾದರೂ ಎಲುಬು ಸ್ನಾಯುಗಳು ಗಟ್ಟಿಯಾಗುವಂಥ ಚಟುವಟಿಕೆ ಇರಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮರ ಹತ್ತುವುದು ನಿಂತುಹೋದ ಪಟ್ಟಣದ ಮಗುವಿಗೆ ಈ ತರಗತಿ ಅಷ್ಟನ್ನು ಒದಗಿಸಿದರೆ ಕೊಟ್ಟ ಶುಲ್ಕ ಸಾರ್ಥಕ.

ಈಗ ಮುಖ್ಯ ವಿಷಯಕ್ಕೆ ಬರೋಣ. ತರಗತಿ ಮುಗಿಸಿ ಸ್ಕೂಟರಿನ ಹಿಂದೆ ಕುಳಿತ ಮಗುವಿನೊಡನೆ ನೀವು ಏನು ಮಾತನಾಡುತ್ತೀರಿ? “ಕಾಲು ಯಾಕೆ ಮಡಿಸಿದೆ? ಮೇಷ್ಟರು ಮೂರು ಸಲ ಹೇಳಿದರಲ್ಲ, ಕಿವಿ ಎಲ್ಲಿತ್ತು?” ಎಂದು ಆರಂಭಿಸಿದಿರೋ, ಅಲ್ಲಿಗೆ ಮಗುವಿಗೆ ಇಬ್ಬರು ಮೇಷ್ಟರಾದರು, ಅಪ್ಪ ಇಲ್ಲವಾದ. ತಪ್ಪನ್ನು ತಿದ್ದುವವರು ಒಳಗಿದ್ದಾರೆ. ಅವರು ಕಾಲು ಮಡಿಸಲು ಹೇಳಿದ್ದು ಬೇಕೆಂದೇ ಇರಬಹುದು. ಹತ್ತು ಮೆಟ್ಟಿಲಿನ ಪಾಠದಲ್ಲಿ ಅದು ಮೂರನೆಯದಾಗಿರಬಹುದು. ಬಾಗಿಲಿನಿಂದ ನೋಡಿದವರಿಗೆ ಅದು ತಿಳಿಯುವುದಿಲ್ಲ. ಅಂಕ ಹಾಕದ ಸ್ಥಳ ಮಗುವಿಗೆ ಒಂದಾದರೂ ಇರಬೇಕಷ್ಟೆ, ಅದು ಮನೆಯಾಗಿರಲಿ. “ಇವತ್ತು ಯಾವುದು ಖುಷಿಯಾಯಿತು?” ಎಂದು ಕೇಳಿ. ಉತ್ತರ ಬಾರದಿದ್ದರೆ ಸುಮ್ಮನಿರಿ. ದಣಿದ ಮಗುವಿಗೆ ಮಾತಿಗಿಂತ ಹಸಿವು ಮೊದಲು.

ಭಯದ ವಿಷಯದಲ್ಲಿ ನಮ್ಮ ಹಿರಿಯರ ನಡವಳಿಕೆಯನ್ನು ನಾನು ಅಷ್ಟಾಗಿ ಮೆಚ್ಚಲಾರೆ. ನಿನ್ನೆ ಹಿಂದಕ್ಕೆ ಬಾಗಿ ಲಾಗ ಹಾಕಿದ ಹುಡುಗಿ ಇಂದು ಹಾಸಿನ ಅಂಚಿನಲ್ಲಿ ಕಂಬದಂತೆ ನಿಂತುಬಿಡುತ್ತಾಳೆ. “ನಿನ್ನೆ ಬಂದದ್ದು ಇವತ್ತು ಬರದೆ ಏನಾಯಿತು? ಬರೀ ಸೋಗು!” ಎಂದು ನಾವು ಗದರುತ್ತೇವೆ. ಸೋಗಲ್ಲ. ಗಾಳಿಯಲ್ಲಿ ತಲೆಕೆಳಗಾದಾಗ ನೆಲ ಎಲ್ಲಿದೆ ಎಂಬ ಅರಿವು ಕೆಲವೊಮ್ಮೆ ತಪ್ಪಿಹೋಗುತ್ತದೆ. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಇದೇ ಆದದ್ದು ಲೋಕದ ಅಗ್ರಗಣ್ಯ ಜಿಮ್ನ್ಯಾಸ್ಟ್ ಸಿಮೋನ್ ಬೈಲ್ಸ್ ಅವರಿಗೆ. ತಂಡದ ಸ್ಪರ್ಧೆಯ ನಡುವೆಯೇ ಅವರು ಹಿಂದೆ ಸರಿದರು. ಹಲವರು ಹಂಗಿಸಿದರು. ಅವರು ಮಾಡಿದ್ದು ಸರಿ. ಆ ಸ್ಥಿತಿಯಲ್ಲಿ ನೆಗೆದವರು ಕತ್ತು ಮುರಿದುಕೊಳ್ಳಬಹುದು. ಕೆಲವೇ ದಿನಗಳಲ್ಲಿ ತೊಲೆಯ ಮೇಲಿನ ಸ್ಪರ್ಧೆಗೆ ಮರಳಿ ಕಂಚು ಗೆದ್ದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ. ಅಂಥವರಿಗೇ “ಇಂದು ಬೇಡ” ಎನ್ನುವ ಹಕ್ಕಿದ್ದರೆ ನಿಮ್ಮ ಎಂಟು ವರ್ಷದ ಮಗಳಿಗೆ ಇರಬೇಡವೆ? ಮೇಷ್ಟರಿಗೆ ಮೆಲ್ಲನೆ ತಿಳಿಸಿ. ಬಲ್ಲವರು ಒಂದು ಮೆಟ್ಟಿಲು ಕೆಳಗಿಳಿಸಿ, ಬೆನ್ನಿಗೆ ಕೈಕೊಟ್ಟು, ಮತ್ತೆ ಮೊದಲಿನಿಂದ ಹತ್ತಿಸುತ್ತಾರೆ. ಹತ್ತು ಸೆಂಟಿಮೀಟರ್ ಅಗಲದ ತೊಲೆಯನ್ನು ಮೊದಲು ನೆಲದ ಮೇಲೆ ಎಳೆದ ಸುಣ್ಣದ ಗೆರೆಯಾಗಿ ಕಲಿಸುವುದೂ ಇದಕ್ಕಾಗಿಯೇ.

ನೋವಿನ ಮಾತು ಬೇರೆ. ಹೊಸದಾಗಿ ಸೇರಿದ ಮಗುವಿಗೆ ತೊಡೆ, ಹೊಟ್ಟೆಯ ಸ್ನಾಯುಗಳು ಎರಡು ದಿನ ನೋಯುವುದು ಸಹಜ. ಆದರೆ ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂತೆ, ವಾರ ಕಳೆದರೂ ಹೋಗದ ನೋವನ್ನು ಎಣ್ಣೆ ತಿಕ್ಕಿ ಮರೆಸಬೇಡಿ. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಮೃದುವಾದ ಪದರವೊಂದಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಈ ಕಸರತ್ತಿನಲ್ಲಿ ಮೈಯ ಭಾರವೆಲ್ಲ ಕೈಗಳ ಮೇಲೆ ಬೀಳುವುದರಿಂದ ಮಣಿಕಟ್ಟಿನ ಬಳಿ ಆ ಪದರಕ್ಕೆ ಪೆಟ್ಟಾಗುವುದುಂಟು. ವೈದ್ಯರು ವಿಶ್ರಾಂತಿ ಹೇಳಿದರೆ ಸ್ಪರ್ಧೆ ಹತ್ತಿರವಿದೆಯೆಂದು ಚೌಕಾಸಿ ಮಾಡಬಾರದು. ಇದೇ ಸಂದರ್ಭದಲ್ಲಿ ಅಜ್ಜಿಯರ ಒಂದು ಶಂಕೆಗೂ ಉತ್ತರ ಹೇಳಿಬಿಡುತ್ತೇನೆ. ಕಸರತ್ತು ಮಾಡಿದರೆ ಮಕ್ಕಳು ಕುಳ್ಳಾಗುತ್ತಾರೆಂಬುದಕ್ಕೆ ಆಧಾರವಿಲ್ಲ. ಗಿಡ್ಡ ಮೈಕಟ್ಟಿನವರಿಗೆ ಈ ಆಟ ಸುಲಭವಾಗಿ ಒಲಿಯುವುದರಿಂದ ಅಂಥವರೇ ಮೇಲೆ ಬಂದು ನಮ್ಮ ಕಣ್ಣಿಗೆ ಬೀಳುತ್ತಾರೆ, ಅಷ್ಟೆ.

ಕುಗ್ಗಿಸುವುದು ಕಸರತ್ತಲ್ಲ, ಅರೆಹೊಟ್ಟೆ. ತರಗತಿಗೆ ಹೊರಡುವ ಮುನ್ನ ಒಂದು ಬಾಳೆಹಣ್ಣು ಸಾಕು. ತುಂಬಿದ ಹೊಟ್ಟೆಯಲ್ಲಿ ಉರುಳುವಂತಿಲ್ಲ. ಮನೆಗೆ ಬಂದ ಮೇಲೆ ಮಾತ್ರ ಹೊಟ್ಟೆ ತುಂಬ ಊಟವಾಗಬೇಕು. ನಮ್ಮ ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಅಕ್ಕಿಯಲ್ಲಿ ಅದರ ಲೇಶವೂ ಇಲ್ಲವೆನ್ನಬಹುದು. ಮುದ್ದೆಯೋ ಅಂಬಲಿಯೋ, ಬೇಳೆ, ಮೊಟ್ಟೆ, ಕಡಲೆಕಾಯಿ, ಬೆಲ್ಲ — ಡಬ್ಬಿಗಳಲ್ಲಿ ಮಾರುವ ಪುಡಿಗಳಿಲ್ಲದೆಯೇ ಮಗು ಬೆಳೆದೀತು. ಆರರಿಂದ ಹನ್ನೆರಡರ ಮಕ್ಕಳಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ಹೆಣ್ಣುಮಕ್ಕಳ ಮುಂದೆ “ದಪ್ಪಗಾದೆ” ಎಂಬ ಮಾತನ್ನು ತಮಾಷೆಗೂ ಆಡಬೇಡಿ. ಊಟ ಬಿಟ್ಟು ಬಿಟ್ಟು ತಿಂಗಳ ಮುಟ್ಟು ನಿಂತ ಹುಡುಗಿಯ ಎಲುಬು ಒಳಗೇ ಸೊರಗುತ್ತದೆ. ಹದಿನೈದಾದರೂ ಮೈನೆರೆಯದಿದ್ದರೆ, “ಆಟದವರಿಗೆ ಹಾಗೆಯೇ” ಎಂದು ಸಮಾಧಾನಪಟ್ಟುಕೊಳ್ಳದೆ ವೈದ್ಯರಿಗೆ ತೋರಿಸಿ.

ಹಾಗಾದರೆ ಮೇಷ್ಟರಿಗೆ ಎಲ್ಲವನ್ನೂ ಬಿಟ್ಟು ಕಣ್ಣು ಮುಚ್ಚಿಕೊಳ್ಳಬೇಕೆ ಎಂದು ಕೇಳುವಿರಾ? ಖಂಡಿತ ಇಲ್ಲ. ಪಾಠ ಅವರದು, ಕಾವಲು ನಿಮ್ಮದು. ಹಾಸುಗಳು ಹರಿದಿಲ್ಲವೆ, ಒಬ್ಬರ ಕೈಕೆಳಗೆ ಎಷ್ಟು ಮಕ್ಕಳು, ಎತ್ತರದಿಂದ ಇಳಿಯುವ ಮಗುವಿನ ಪಕ್ಕದಲ್ಲಿ ಹಿಡಿಯುವವರಿದ್ದಾರೆಯೆ ಎಂದು ನೋಡಿ. ಈ ಕಲೆಯಲ್ಲಿ ಕಲಿಸುವವರು ಮಗುವಿನ ಸೊಂಟ, ಬೆನ್ನುಗಳನ್ನು ಮುಟ್ಟಿ ಹಿಡಿಯಲೇಬೇಕು. ಅದು ಎಲ್ಲರೆದುರಿಗೆ, ಏಕೆಂದು ಹೇಳಿ, ನಡೆಯತಕ್ಕದ್ದು. ತಂದೆತಾಯಿಗಳಿಗೆ ಬಾಗಿಲು ಮುಚ್ಚುವ ತರಗತಿ ನಿಮಗೆ ಬೇಡ. ಅಮೆರಿಕದ ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ಎಂಬವನು ಚಿಕಿತ್ಸೆಯ ನೆಪದಲ್ಲಿ ವರ್ಷಗಟ್ಟಲೆ ಹುಡುಗಿಯರ ಮೇಲೆ ದೌರ್ಜನ್ಯ ನಡೆಸಿದ. 2018ರಲ್ಲಿ ಅವನ ಶಿಕ್ಷೆಯ ವಿಚಾರಣೆಯಲ್ಲಿ 150ಕ್ಕೂ ಹೆಚ್ಚು ಮಂದಿ ತಮ್ಮ ಸಂಕಟವನ್ನು ಹೇಳಿಕೊಂಡರು. ಕೆಲವರಿಗೆ ಅದು ತಾಯಿ ಅದೇ ಕೋಣೆಯಲ್ಲಿ ಕುಳಿತಿದ್ದಾಗಲೇ ಆದದ್ದು. ಮೊದಮೊದಲು ಬಾಯಿಬಿಟ್ಟ ಹುಡುಗಿಯರನ್ನು ದೊಡ್ಡವರು ನಂಬಲಿಲ್ಲ, ಎಲ್ಲಕ್ಕಿಂತ ನೋಯಿಸುವ ಸಂಗತಿ ಇದೇ. ಆದ್ದರಿಂದ ಮಗು “ಅವರು ಮುಟ್ಟಿದ್ದು ಸರಿಯೆನಿಸಲಿಲ್ಲ” ಎಂದರೆ ಪದಕ, ಪರಿಚಯ, ಮರ್ಯಾದೆಗಳನ್ನು ಪಕ್ಕಕ್ಕಿಟ್ಟು ಮೊದಲು ಕೇಳಿಸಿಕೊಳ್ಳಿ. ನಮ್ಮಲ್ಲಿ 2012ರ ಪೋಕ್ಸೋ ಕಾಯಿದೆಯಿದೆ. 1098 ಮಕ್ಕಳ ಸಹಾಯವಾಣಿಯಿದೆ.

ಇನ್ನು ಮನೆಯಲ್ಲಿ ಅಭ್ಯಾಸ. ಮಂಚದಿಂದ ಸೋಫಾಕ್ಕೆ ಲಾಗ ಹಾಕಿಸಿ ನೆಂಟರಿಗೆ ತೋರಿಸುವ ಚಪಲವನ್ನು ದಯವಿಟ್ಟು ತಡೆದುಕೊಳ್ಳಿ. ಚಾಪೆಯ ಮೇಲೆ ಕಾಲು ಚಾಚಿ ಬಾಗುವುದು, ಒಂಟಿಕಾಲಿನಲ್ಲಿ ನಿಲ್ಲುವುದು, ಇಷ್ಟು ಸಾಕು. ತಲೆಕೆಳಗಾಗುವುದೆಲ್ಲ ತರಗತಿಯ ಹಾಸಿನ ಮೇಲೆ, ಮೇಷ್ಟರ ಕಣ್ಣೆದುರಿನಲ್ಲಿ.

ಒಂದು ದಿನ ಮಗು “ನಾನು ನಾಳೆಯಿಂದ ಹೋಗಲ್ಲ” ಎನ್ನಬಹುದು. ಮೂರು ತಿಂಗಳ ಶುಲ್ಕ ಕಟ್ಟಿದ ಅಪ್ಪನಿಗೆ ಸಿಟ್ಟು ಬರುವುದು ಸಹಜವೇ. ಆ ರಾತ್ರಿಯೇ ತೀರ್ಮಾನ ಬೇಡ. ಗೆಳತಿಯೊಡನೆ ಜಗಳವೋ, ಬಿದ್ದ ಭಯವೋ, ಹೇಳಲಾಗದ ಬೇರೇನೋ ಎಂಬುದನ್ನು ಎರಡು ಮೂರು ದಿನಗಳಲ್ಲಿ, ಊಟ ಬಡಿಸುತ್ತ, ತಲೆ ಬಾಚುತ್ತ ತಿಳಿದುಕೊಳ್ಳಬಹುದು. ಜಗಳವಾದರೆ ವಾರದೊಳಗೆ ತಾನೇ ಹೊರಟು ನಿಲ್ಲುತ್ತಾಳೆ. ನಿಜವಾಗಿಯೂ ಮನಸ್ಸು ಬೇರೆ ಕಡೆಗೆ ತಿರುಗಿದ್ದರೆ, ಮೇಷ್ಟರ ಬಳಿಗೆ ಅವಳನ್ನೇ ಕರೆದುಕೊಂಡು ಹೋಗಿ, ನಮಸ್ಕಾರ ಹೇಳಿಸಿ, ಬಿಡಿಸಿ. ಕಲಿತ ಉರುಳು ಎಲ್ಲಿಯೂ ಹೋಗುವುದಿಲ್ಲ. ಮುಂದೆ ಸೈಕಲ್ಲಿನಿಂದ ಬಿದ್ದಾಗ, ಬೀಳುವುದು ಹೇಗೆಂದು ಆ ಮೈಗೆ ಗೊತ್ತಿರುತ್ತದೆ.