ಬೇಸಿಗೆಗೆ ಮುನ್ನ ಮನೆನಾಯಿಯ ಕ್ಷೌರ

ಶಿವರಾತ್ರಿ ಕಳೆಯಿತು, ಬಿಸಿಲು ಏರತೊಡಗಿದೆ. ಶಿಹ್ ತ್ಸು, ಲಾಸಾ ಆಪ್ಸೋ, ಮಾಲ್ಟೀಸ್ ಮುಂತಾದ ಪುಟ್ಟ ನಾಯಿಗಳನ್ನು ಸಾಕಿದವರು ಈ ದಿನಗಳಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಕೂದಲನ್ನು ಮನೆಯಲ್ಲೇ ಗಿಡ್ಡ ಮಾಡಬಹುದೇ? ಮಾಡಬಹುದು. ಆದರೆ ಎಲ್ಲ ನಾಯಿಗೂ ಅಲ್ಲ. ಇನ್ನೊಂದು, ಮಷೀನು ಹಿಡಿಯುವುದು ಈ ಕೆಲಸದಲ್ಲಿ ಕಡೆಗೆ ಬರುವ ಮಾತು.

ಈಗ ಹೆಸರಿಸಿದ ತಳಿಗಳ ಕೂದಲು ನಮ್ಮ ತಲೆಗೂದಲಿನಂತೆ ಬೆಳೆಯುತ್ತಲೇ ಹೋಗುತ್ತದೆ, ಬಿಟ್ಟರೆ ನೆಲ ಮುಟ್ಟುತ್ತದೆ. ಅವಕ್ಕೆ ಕ್ಷೌರ ಬೇಕೇ ಬೇಕು. ನಮ್ಮ ಊರುಗಳಲ್ಲಿ ಪಾಮೇರಿಯನ್ ಎಂದೇ ಕರೆಸಿಕೊಳ್ಳುವ ಬಿಳಿ ಸ್ಪಿಟ್ಜ್ ನಾಯಿಯದು ಬೇರೆ ಲೆಕ್ಕ. ಅದಕ್ಕೆ ಎರಡು ಪದರ ಕೂದಲು, ಮೇಲಿನದು ಒರಟು, ಒಳಗಿನದು ನವಿರು. ಬುಡಕ್ಕೆ ಬೋಳಿಸಿದರೆ ಕೆಲವು ನಾಯಿಗಳಿಗೆ ತಿಂಗಳುಗಟ್ಟಲೆ ಕೂದಲೇ ಹುಟ್ಟುವುದಿಲ್ಲ, ಹುಟ್ಟಿದರೂ ಅಲ್ಲೊಂದಿಷ್ಟು ಇಲ್ಲೊಂದಿಷ್ಟು. ಉದುರುವ ಒಳಗೂದಲನ್ನು ಬಾಚಿ ತೆಗೆಯಿರಿ, ಅಷ್ಟು ಸಾಕು.

ಸೆಕೆ ಎಂದು ಕನಿಕರಪಟ್ಟು ಬೋಳಿಸುವವರಿದ್ದಾರೆ. ನಾಯಿ ನಮ್ಮ ಹಾಗೆ ಮೈ ಬೆವರಿ ತಣ್ಣಗಾಗುವ ಪ್ರಾಣಿಯಲ್ಲ. ಅದು ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ, ಮೈಯ ಕಾವು ಇಳಿಸಿಕೊಳ್ಳುವುದು ನಾಲಿಗೆ ಚಾಚಿ ಏದುಸಿರು ಬಿಟ್ಟು. ಬೋಳು ಚರ್ಮವನ್ನು ಬಿಸಿಲು ಸುಡುತ್ತದೆ. ಆದ್ದರಿಂದ ಗಿಡ್ಡ ಎಂದರೆ ಅರ್ಧ ಇಂಚಿನಷ್ಟು ಉಳಿಸಿ. ಅಷ್ಟಿದ್ದರೆ ಸಿಕ್ಕಾಗುವುದು ಕಡಿಮೆ, ಉಣ್ಣೆಹುಳು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ.

ಈಗ ಸಿಕ್ಕಿನ ವಿಷಯ. ಮನೆಯ ಕ್ಷೌರ ಕೆಡುವುದೇ ಇಲ್ಲಿ. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ಬೆರಳಾಡಿಸಿ ನೋಡಿ, ಗಂಟುಗಳು ಸಿಗುತ್ತವೆ. ಅವನ್ನು ಸ್ನಾನಕ್ಕೆ ಮೊದಲೇ ಬಿಡಿಸಬೇಕು. ನೀರು ಬಿದ್ದು ಒಣಗಿದ ಗಂಟು ಇನ್ನಷ್ಟು ಬಿಗಿದುಕೊಳ್ಳುತ್ತದೆ. ಸ್ಟೀಲಿನ ಬಾಚಣಿಗೆ ತೆಗೆದುಕೊಳ್ಳಿ, ಗಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿಯಿರಿ. ಆಗ ಎಳೆತ ಚರ್ಮಕ್ಕೆ ತಾಗದು. ತುದಿಯಿಂದ ಶುರುಮಾಡಿ ಸ್ವಲ್ಪ ಸ್ವಲ್ಪವಾಗಿ ಬುಡದ ಕಡೆಗೆ ಬನ್ನಿ. ಒಂದು ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿದರೆ ಸಿಕ್ಕು ಸಲೀಸಾಗಿ ಬಿಡುತ್ತದೆ. ಗಂಟಿಗೆ ಕತ್ತರಿ ಮಾತ್ರ ಹಾಕಬೇಡಿ. ಕೂದಲಿನ ಜೊತೆ ಚರ್ಮವೂ ಮೇಲೆದ್ದು ಗಂಟಿನೊಳಗೆ ಸೇರಿಕೊಂಡಿರುತ್ತದೆ, ಹೊರಗೆ ಕಾಣುವುದಿಲ್ಲ. ಒಂದೇ ಕತ್ತರಿಗೆ ಗಾಯ, ಆಮೇಲೆ ಹೊಲಿಗೆ. ಬಾಚಣಿಗೆ ತಲೆಯಿಂದ ಬಾಲದವರೆಗೆ ಎಲ್ಲೂ ತಡೆಯದೆ ಹರಿದಾಗಲೇ ಮುಂದಿನ ಕೆಲಸ. ಇದಕ್ಕೆ ಒಂದು ಸಂಜೆಯೇ ಹಿಡಿಯಬಹುದು, ಹಿಡಿಯಲಿ. ಕ್ಷೌರ ಮರುದಿನಕ್ಕಿರಲಿ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ನಾಯಿಯ ಶಾಂಪೂ. ನಮ್ಮ ಶಾಂಪೂ ಅದರ ಚರ್ಮಕ್ಕೆ ಒಗ್ಗುವುದಿಲ್ಲ, ಫಿನಾಯಿಲ್ ಬೆರೆಸಿದ ನೀರಂತೂ ವಿಷ. ಮೈ ಪೂರ್ತಿ ಒಣಗಬೇಕು, ಒದ್ದೆ ಕೂದಲಿನಲ್ಲಿ ಮಷೀನು ಸರಾಗವಾಗಿ ಓಡದು. ಶಿಹ್ ತ್ಸುವಿನಂಥ ಚಪ್ಪಟೆ ಮೂತಿಯ ನಾಯಿಗೆ ಕಾವು ತಡೆಯುವ ಶಕ್ತಿ ಕಡಿಮೆ. ಡ್ರೈಯರಿನ ಬಿಸಿಗಾಳಿಯನ್ನು ಮುಖಕ್ಕೆ ಹಿಡಿಯಬೇಡಿ.

ಗಡ್ಡದ ಟ್ರಿಮ್ಮರ್ ಈ ಕೂದಲಿಗೆ ಸಾಲದು, ನಡುವೆ ಸಿಕ್ಕಿಕೊಂಡು ಎಳೆಯುತ್ತದೆ. ನಾಯಿಯದೇ ಕ್ಲಿಪ್ಪರ್ ಬೇಕು. ಬ್ಲೇಡಿನ ನಂಬರು ದೊಡ್ಡದಾದಷ್ಟೂ ಉಳಿಯುವ ಕೂದಲು ಗಿಡ್ಡ. 10ನೇ ನಂಬರಿನದು ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ಉಳಿಸುತ್ತದೆ. ಅದರ ಮೇಲೆ 13 ಮಿಲಿಮೀಟರಿನ ಪ್ಲಾಸ್ಟಿಕ್ ಬಾಚಣಿಗೆ ಸಿಕ್ಕಿಸಿಕೊಳ್ಳಿ. ನಾಯಿಯನ್ನು ಜಾರದ ಚಾಪೆಯ ಮೇಲೆ ನಿಲ್ಲಿಸಿ, ಮನೆಯವರೊಬ್ಬರು ಹಿಡಿದುಕೊಳ್ಳಲಿ. ಮೊದಲು ಸುಮ್ಮನೆ ಮಷೀನಿನ ಸದ್ದು ಕೇಳಿಸಿ, ಒಂದು ತಿಂಡಿ ಕೊಡಿ. ಆಮೇಲೆ ಕತ್ತಿನಿಂದ ಬಾಲದ ಕಡೆಗೆ, ಕೂದಲು ಮಲಗಿದ ದಿಕ್ಕಿನಲ್ಲೇ ಸಾವಕಾಶವಾಗಿ ಓಡಿಸಿ. ಕಂಕುಳಲ್ಲೂ ಪಕ್ಕೆ ತೊಡೆ ಸೇರುವಲ್ಲೂ ಚರ್ಮ ತೆಳುವಾಗಿ ಮಡಿಚಿಕೊಂಡಿರುತ್ತದೆ, ಬೆರಳಿಂದ ಬಿಡಿಸಿ ಹಿಡಿಯದೆ ಅಲ್ಲಿ ಬ್ಲೇಡ್ ತರಬೇಡಿ. ಬ್ಲೇಡು ಬೇಗ ಕಾಯುತ್ತದೆ. ಆಗಾಗ ನಿಮ್ಮ ಮಣಿಕಟ್ಟಿನ ಒಳಮೈಗೆ ತಾಗಿಸಿ ನೋಡಿ. ನಿಮಗೆ ಚುರ್ ಎಂದರೆ ನಾಯಿಗೂ ಚುರ್ರೆನ್ನುತ್ತದೆ, ಆರಲು ಬಿಡಿ.

ಮುಖಕ್ಕೆ ಮಷೀನು ಬೇಡ. ತುದಿ ಮೊಂಡಾದ ಸಣ್ಣ ಕತ್ತರಿ ಸಾಕು, ಅದರ ಮೊನೆ ಕಣ್ಣಿನಿಂದ ಆಚೆಗೇ ಇರಲಿ. ಅಂಗಾಲಿನ ಬೆರಳಸಂದಿಯ ಕೂದಲನ್ನು ಮರೆಯಬೇಡಿ, ಟೈಲ್ಸ್ ನೆಲದ ಮನೆಗಳಲ್ಲಿ ನಾಯಿ ಜಾರುವುದಕ್ಕೆ ಅದೂ ಒಂದು ಕಾರಣ. ಉಣ್ಣೆಹುಳುಗಳು ಕಿವಿಯೊಳಗೆ, ಕಾಲ್ಬೆರಳ ನಡುವೆ ಅಡಗಿರುತ್ತವೆ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರಕ್ಕೆ ಎಳೆಯಿರಿ, ಸೀಮೆಎಣ್ಣೆ ಹಚ್ಚಬೇಡಿ. ಉಣ್ಣೆಯಿಂದ ಎರ್ಲಿಕಿಯಾ, ಬಬೇಸಿಯಾ ಎಂಬ ರೋಗಾಣುಗಳ ಜ್ವರಗಳು ಹರಡುತ್ತವೆ. ಉಣ್ಣೆ ಕಂಡ ನಾಯಿ ಊಟ ಬಿಟ್ಟು ಮಂಕಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಒಂದು ಬದಿ ಉದ್ದ, ಒಂದು ಬದಿ ಗಿಡ್ಡ ಆಯಿತೆಂದು ಸರಿಮಾಡುತ್ತಾ ಕೂರಬೇಡಿ. ಸರಿಮಾಡುವ ಹಟದಲ್ಲೇ ಗಾಯಗಳಾಗುವುದು. ನಾಯಿಗೆ ಅಂದದ ಚಿಂತೆಯಿಲ್ಲ, ಕೂದಲು ಕೆಲವೇ ವಾರಗಳಲ್ಲಿ ಮತ್ತೆ ಬೆಳೆಯುತ್ತದೆ.

ಮೈಯೆಲ್ಲ ಕಂಬಳಿಗಟ್ಟಿ ಬಾಚಣಿಗೆ ನುಗ್ಗದಿದ್ದರೆ, ಚರ್ಮ ಕೆಂಪಾಗಿ ರಸಿಕೆ ಸೋರುತ್ತಿದ್ದರೆ, ಕಿವಿ ವಾಸನೆ ಹೊಡೆಯುತ್ತಿದ್ದರೆ ಮನೆಯಲ್ಲಿ ಕೈ ಹಾಕದೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ನಾಯಿ ಅಲುಗಾಡದೆ ಮಲಗಲಿ ಎಂದು ಮನುಷ್ಯರ ನಿದ್ದೆ ಮಾತ್ರೆಯನ್ನು ದಯವಿಟ್ಟು ಕೊಡಬೇಡಿ.